ಗೆಳತಿಯ ದೊಡ್ಡಮ್ಮ

ಜಮೈಕಾದ ಗೆಳತಿಯ ದೊಡ್ಡಮ್ಮ ತೀರಿಕೊಂಡರು. ಟೊರೊಂಟೊದಲ್ಲಿ ದುಡಿಯುತ್ತಿದ್ದ ಅವರು ಕಿಂಗ್‌ಸ್ಟನ್‌ನ ಮನೆಗೆ ಹಡಗಿನಲ್ಲಿ ಬ್ಯಾರೆಲ್ ಕಳಿಸುತ್ತಿದ್ದರು, ಅಂದರೆ ಸಾಮಾನು ತುಂಬಿದ ದೊಡ್ಡ ಪೀಪಾಯಿ. ಅಕ್ಕಿ, ಎಣ್ಣೆ, ಸೋಪು, ಮಕ್ಕಳಿಗೆ ಶಾಲೆಯ ಶೂ. ತಿಂಗಳುಗಟ್ಟಲೆ ಒಂದೊಂದೇ ಕೊಂಡು ತುಂಬಿಸುವುದು. ಪಕ್ಕದ ಮನೆ ಮಕ್ಕಳ ಶೂ ಸೈಜೂ ಅವರಿಗೆ ಬಾಯಿಪಾಠವಂತೆ! ಹೊರದೇಶಕ್ಕೆ ಹೋದ ಎಷ್ಟೋ ಜಮೈಕಾದವರು ಹೀಗೇ ಮನೆ ನಡೆಸಿದ್ದಾರೆ. ಆದರೆ ನೆರೆಯವರನ್ನೂ ತಮ್ಮವರೆಂದುಕೊಳ್ಳುವ ಮನಸ್ಸು ಎಲ್ಲರಿಗೂ ಇರಲ್ಲ, ಅಲ್ವಾ?

ಜಮೈಕಾದಲ್ಲಿ ಸತ್ತವರಿಗಾಗಿ 'ನೈನ್ ನೈಟ್' ಮಾಡುತ್ತಾರೆ, ಅಂದರೆ ಒಂಬತ್ತನೇ ರಾತ್ರಿಯ ಜಾಗರಣೆ. ಹುರಿದ ಮೀನು, ರಮ್, ಡಾಮಿನೋ ಆಟ, ದೇವರ ಹಾಡು. ಕರೆಯದೆಯೂ ಜನ ಬರುತ್ತಾರೆ, ರಾತ್ರಿಯಿಡೀ ಹೋದವರ ಕಥೆ ಹೇಳುತ್ತಾರೆ. ನಾಳೆ ಆ ರಾತ್ರಿ. ನನ್ನನ್ನು ನೋಡದೆಯೇ ನನಗೂ ಒಂದು ಸ್ವೆಟರ್ ಕಳಿಸಿದ್ದರು ಅವರು. ಆ ಕಥೆಯನ್ನು ಫೋನಿನಲ್ಲಾದರೂ ನಾನೇ ಹೇಳುತ್ತೇನೆ.