ಬೆಟ್ಟದ ಕುರಿ ಮತ್ತು ಸರ್ಕಾರದ ದುಡ್ಡು: ಲೆಕ್ಕ ಬರೆಯುವವನ ಅನುಭವ

ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾದಲ್ಲಿ ರೈತರ ಲೆಕ್ಕಪತ್ರ ಬರೆಯುವ ಒಂದು ಕಚೇರಿಯಲ್ಲಿ ನನ್ನ ಕೆಲಸ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಬೆಟ್ಟದ ಮೇಲೆ ಕುರಿ ಮೇಯಿಸುವವರು. ಹರ್ಡ್‌ವಿಕ್, ಸ್ವೇಲ್‌ಡೇಲ್ ಅವರ ತಳಿಗಳು. ಮಳೆಗೂ ಹಿಮಕ್ಕೂ ಜಗ್ಗದ ಕುರಿಗಳು. ಆದರೆ ಮೈ ತುಂಬುವುದು ನಿಧಾನ, ಮರಿ ಸಣ್ಣದು. ಉಣ್ಣೆಯಂತೂ ಕೇಳಬೇಡಿ. ಹರ್ಡ್‌ವಿಕ್ ಕುರಿಯ ಉಣ್ಣೆ ಮಾರಿದ ದುಡ್ಡು ಅದನ್ನು ಕತ್ತರಿಸಿದವನ ಕೂಲಿಗೂ ಸಾಲದ ವರ್ಷಗಳೇ ಹೆಚ್ಚು. ಇಂಥ ಮನೆಗಳ ಖಾತೆಯಿಂದ ಸರ್ಕಾರಿ ಅನುದಾನದ ಸಾಲು ಅಳಿಸಿ ನೋಡಿದರೆ ಬಹಳಷ್ಟು ಕಡೆ ಲಾಭ ಹೋಗಿ ನಷ್ಟ ಕೂರುತ್ತದೆ. ಹಾಗಾಗಿ ಅನುದಾನ ಅರ್ಥವಾಗದವನಿಗೆ ಇಲ್ಲಿ ಲೆಕ್ಕ ಬರೆಯಲು ಬರುವುದಿಲ್ಲ.

ಕಚೇರಿಗೆ ಹೊಸಬರು ಬಂದಾಗ ನಾನು ಮೊದಲು ಹೇಳುವ ಮಾತು ಒಂದೇ. ಯೋಜನೆಯ ಹೆಸರು ನೋಡಬೇಡಿ, ಅದು ಏನನ್ನು ಎಣಿಸುತ್ತದೆ ನೋಡಿ. ತಲೆ ಎಣಿಸುತ್ತದೋ, ಜಮೀನು ಅಳೆಯುತ್ತದೋ, ಮಾಡಿದ ಕೆಲಸ ಕೇಳುತ್ತದೋ? ಹೆಸರುಗಳು ಐದಾರು ವರ್ಷಕ್ಕೊಮ್ಮೆ ಬದಲಾಗುತ್ತವೆ. ಎಣಿಕೆ ಬದಲಾದಾಗ ಮಾತ್ರ ಬೆಟ್ಟದ ಮೇಲಿನ ಬದುಕು ಬದಲಾಗುತ್ತದೆ.

ಯುದ್ಧದ ನಂತರದ ಇಂಗ್ಲೆಂಡಿಗೆ ಆಹಾರ ಬೇಕಿತ್ತು. 1946ರಲ್ಲಿ ಬೆಟ್ಟದ ಬೇಸಾಯಕ್ಕೆಂದೇ ಒಂದು ಕಾಯ್ದೆ ಬಂತು. 1973ರಲ್ಲಿ ಬ್ರಿಟನ್, ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪವಾದ ಯುರೋಪಿಯನ್ ಆರ್ಥಿಕ ಸಮುದಾಯ ಸೇರಿತು. 1975ರಲ್ಲಿ ‘ಅನುಕೂಲ ಕಡಿಮೆಯಿರುವ ಪ್ರದೇಶ’ ಎಂಬ ವರ್ಗವೇ ಹುಟ್ಟಿ, ಅದರಡಿ ಬೆಟ್ಟದ ರೈತರಿಗೆ ತಲೆ ಲೆಕ್ಕದಲ್ಲಿ ದುಡ್ಡು ಬರತೊಡಗಿತು. ಒಂದು ಹೆಣ್ಣು ಕುರಿಗೆ ಇಷ್ಟು. ಅದರ ಮೇಲೆ ವಾರ್ಷಿಕ ಕುರಿ ಪ್ರೀಮಿಯಂ ಬೇರೆ. ಈ ಪ್ರೀಮಿಯಂಗೆ ಕೋಟಾ ಇತ್ತು, ಆ ಕೋಟಾವನ್ನು ಜನ ಕೊಂಡು ಮಾರುತ್ತಲೂ ಇದ್ದರು. ತಲೆಗೆ ದುಡ್ಡು ಅಂದಮೇಲೆ ತಲೆ ಹೆಚ್ಚದೇ ಇರುತ್ತದೆಯೇ? ಹಿಂಡು ಬೆಳೆದವು, ಬೆಟ್ಟದ ಹೆದರ್ ಎಂಬ ಕುರುಚಲು ಗಿಡ ಮೇದು ಬೋಳಾಯಿತು. ಈಗ ಪತ್ರಿಕೆಗಳಲ್ಲಿ ‘ಕುರಿಗಳು ಬೆಟ್ಟ ಹಾಳುಮಾಡಿದವು’ ಎಂದು ಬರೆಯುವವರಿದ್ದಾರೆ. ಕುರಿ ಏನು ಮಾಡೀತು ಪಾಪ, ಅದರ ತಲೆಗೆ ಬೆಲೆ ಕಟ್ಟಿದ್ದು ಸರ್ಕಾರ.

2001ರಲ್ಲಿ ಕಾಲುಬಾಯಿ ಜ್ವರ ಬಂತು. ದೇಶದಲ್ಲಿ ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಎಲ್ಲಕ್ಕಿಂತ ಹೆಚ್ಚು ಏಟು ತಿಂದದ್ದು ಕಂಬ್ರಿಯಾ. ಅದೇ ವರ್ಷ ಬೆಟ್ಟದ ರೈತರಿಗೆ ಬರುತ್ತಿದ್ದ ಭತ್ಯೆ ತಲೆ ಎಣಿಕೆ ಬಿಟ್ಟು ಹೆಕ್ಟೇರ್ ಲೆಕ್ಕಕ್ಕೆ ಹೊರಳಿತು. 2005ರಲ್ಲಿ ಕುರಿ ಪ್ರೀಮಿಯಂ ಕೂಡ ಹೋಗಿ, ಒಟ್ಟು ಸಹಾಯಧನವೇ ಜಮೀನಿನ ಮೇಲೆ ನಿಂತಿತು. ಇಲ್ಲಿ ಒಂದು ಸೂಕ್ಷ್ಮವಿದೆ. ನಕ್ಷೆಯ ಮೇಲೆ ‘ಮೂರ್‌ಲ್ಯಾಂಡ್ ಗೆರೆ’ ಎಂದು ಒಂದು ಗೆರೆ ಎಳೆದಿದ್ದಾರೆ. ಗೆರೆಯ ಕೆಳಗಿನ ಹೊಲಕ್ಕೆ ಒಂದು ದರ, ಮೇಲಿನ ಬೋಳು ಗುಡ್ಡಕ್ಕೆ ಕೊನೆಯ ವರ್ಷಗಳಲ್ಲಿ ಅದರ ಸುಮಾರು ಕಾಲು ಭಾಗ ಇತ್ತು. ಎರಡೂ ಒಂದೇ ರೈತನವು, ಕುರಿಯೂ ಒಂದೇ. ಬೇಸಿಗೆಯೆಲ್ಲ ಅದು ಮೇಯುವುದು ಮಾತ್ರ ಗೆರೆಯ ಮೇಲೆ. ಹಳೆಯ ಕಡತ ತೆರೆದಾಗಲೆಲ್ಲ ನಾನು ಮೊದಲು ಹುಡುಕುವುದು ಈ ಗೆರೆ ಎಲ್ಲಿ ಹಾದುಹೋಗಿದೆ ಎಂಬುದನ್ನೇ.

ಬ್ರೆಕ್ಸಿಟ್ ಆದಮೇಲೆ ಜಮೀನಿನ ಲೆಕ್ಕವೂ ಮುಗಿಯಿತು. ಇಂಗ್ಲೆಂಡಿನಲ್ಲಿ 2023 ಅದರ ಕೊನೆಯ ವರ್ಷ. ಆಮೇಲೆ ಬಂದದ್ದು ಬೀಳ್ಕೊಡುಗೆಯ ದುಡ್ಡು: 2020ರಿಂದ 2022ರವರೆಗೆ ಸರಾಸರಿ ಎಷ್ಟು ಸಿಕ್ಕಿತ್ತೋ ಅದನ್ನು ಆಧಾರವಾಗಿಟ್ಟು, ವರ್ಷವರ್ಷ ಕತ್ತರಿಸುತ್ತ 2027ಕ್ಕೆ ಮುಗಿಸುವುದು. ಆಧಾರದ ಮೊತ್ತ 20,000 ಪೌಂಡ್ ಇರುವ ಮನೆ ಅನ್ನಿ. 2025ರಲ್ಲಿ ಶೇ 76 ಕಡಿತ, ಕೈಗೆ ಬಂದದ್ದು 4,800. 2026ಕ್ಕೆ ಶೇ 98 ಕಡಿತ, ಅಂದರೆ 400. ದೊಡ್ಡ ಜಮೀನ್ದಾರನಾದರೂ 2026ರಲ್ಲಿ 600 ಪೌಂಡಿಗಿಂತ ಹೆಚ್ಚು ಸಿಗದು. ಈ ಸಾಲುಗಳನ್ನು ರೈತರ ಎದುರು ಓದಿ ಹೇಳುವುದು ನನ್ನ ಕೆಲಸದ ಕಷ್ಟದ ಭಾಗ. ಕೆಲವರು ಕಾಗದವನ್ನು ತಿರುಗಿಸಿ ಹಿಂಬದಿಯಲ್ಲೂ ಏನಾದರೂ ಇದೆಯೇ ಎಂದು ನೋಡುತ್ತಾರೆ.

ಈಗಿನದು ಮೂರನೆಯ ಬಗೆಯ ಎಣಿಕೆ: ಕೆಲಸ. ನೆಲಕ್ಕೆ, ನೀರಿಗೆ, ಹಕ್ಕಿಗೆ ಒಳ್ಳೆಯದಾಗುವ ಇಂಥಿಂಥ ಕೆಲಸ ಮಾಡಿದರೆ ಹೆಕ್ಟೇರಿಗೆ ಇಷ್ಟು. 2024ರ ಪಟ್ಟಿಯಲ್ಲಿ ಬೆಟ್ಟದ ಮೇಲೆ ಮಧ್ಯಮ ಪ್ರಮಾಣದಲ್ಲಿ ಮೇಯಿಸಿದರೆ ಹೆಕ್ಟೇರಿಗೆ 20 ಪೌಂಡ್, ಕಡಿಮೆ ಮೇಯಿಸಿದರೆ 53, ತೀರಾ ಕಡಿಮೆಯಾದರೆ 66. ಅಪ್ಪನ ಕಾಲದಲ್ಲಿ ಕುರಿ ಹೆಚ್ಚಿಸಿದರೆ ದುಡ್ಡು, ಮಗನ ಕಾಲದಲ್ಲಿ ಇಳಿಸಿದರೆ ದುಡ್ಡು. ಆ ಮೂರು ದರಗಳಲ್ಲಿ, ನೂರು ಹೆಕ್ಟೇರಿಗೆ ಮೊದಲನೆಯದಕ್ಕೂ ಕೊನೆಯದಕ್ಕೂ ವರ್ಷಕ್ಕೆ 4,600 ಪೌಂಡ್ ವ್ಯತ್ಯಾಸ. ಕಾಗದದ ಮೇಲೆ ಯಾರೂ ಎರಡನೇ ಸಲ ಯೋಚಿಸಬೇಕಿಲ್ಲ.

ಆದರೆ ರೈತ ಯೋಚಿಸುತ್ತಾನೆ, ಅದಕ್ಕೆ ಕಾರಣವಿದೆ. ಇಲ್ಲಿನ ಬೆಟ್ಟಗಳ ಮೇಲೆ ಹಿಂಡು ಹಿಂಡಿನ ನಡುವೆ ಬೇಲಿ ಇಲ್ಲ. ತನ್ನ ಮೇವಿನ ಪಾಲು ಯಾವುದು, ಮಳೆಗಾಳಿ ಬಂದರೆ ಯಾವ ಬಂಡೆಯ ಮರೆಗೆ ಹೋಗಬೇಕು ಎಂಬುದನ್ನು ಮರಿ ತಾಯಿಯ ಬೆನ್ನು ಹತ್ತಿ ಕಲಿಯುತ್ತದೆ. ದೊಡ್ಡದಾದಮೇಲೆ ತನ್ನ ಮರಿಗೆ ಕಲಿಸುತ್ತದೆ. ಇದಕ್ಕೆ ‘ಹೆಫ್ಟ್’ ಎನ್ನುತ್ತಾರೆ. ಜಮೀನು ಕೈ ಬದಲಾದರೂ ಇಂಥ ಹಿಂಡು ಜಮೀನಿನ ಜೊತೆಗೇ ಉಳಿಯುವುದು ಎಷ್ಟೋ ಕಡೆಯ ಪದ್ಧತಿ. ಅರ್ಧ ಹಿಂಡು ಇಳಿಸಿದರೆ ಉಳಿದವು ಖಾಲಿಯಾದ ಜಾಗಕ್ಕೆ ಹರಡಿಕೊಳ್ಳುತ್ತವೆ, ಪಕ್ಕದವನ ಕುರಿಗಳೂ ಒಳಗೆ ಬರುತ್ತವೆ. ಆಮೇಲೆ ಯೋಜನೆ ಬದಲಾಗಿ ಮತ್ತೆ ಕುರಿ ಬೇಕೆಂದರೆ ಸಂತೆಯಲ್ಲಿ ಕುರಿ ಸಿಕ್ಕೀತು, ಆ ಬೆಟ್ಟ ಗೊತ್ತಿರುವ ಕುರಿ ಸಿಗದು. 2001ರ ನಂತರ ಹಿಂಡು ಮತ್ತೆ ಕಟ್ಟಿದವರು ಹೊಸ ಕುರಿಗಳನ್ನು ಬೆಟ್ಟಕ್ಕೆ ಒಗ್ಗಿಸಲು ವರ್ಷಗಟ್ಟಲೆ ಕಾವಲು ಕಾದರು. ಮೂರು ವರ್ಷದ ಕರಾರಿಗಾಗಿ ಮೂರು ತಲೆಮಾರಿನದನ್ನು ಕೊಡುವುದೇ ಎಂಬ ಪ್ರಶ್ನೆಗೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ. ಈಗ ಅದನ್ನು ಪಟ್ಟಿಯ ಕೆಳಗೆ ಒಂದು ಟಿಪ್ಪಣಿಯಾಗಿ ಬರೆದು ಕೊಡುತ್ತೇನೆ.

ಗೋಮಾಳದಂಥ ಸಾಮೂಹಿಕ ಬೆಟ್ಟವಾದರೆ ಇನ್ನೂ ಗೋಜಲು. ಕಂಬ್ರಿಯಾದಲ್ಲಿ ಇಂಥವು ಬಹಳ. ಒಡೆಯ ಒಬ್ಬ, ಮೇಯಿಸುವ ಹಕ್ಕು ಹಲವರದು. ಅರ್ಜಿ ಹಾಕಬೇಕಾದರೆ ಹಕ್ಕುದಾರರು ಸೇರಿ ಒಂದೇ ಸಂಸ್ಥೆಯಾಗಿ ಹಾಕಬೇಕು. ಬಂದ ದುಡ್ಡಿನಲ್ಲಿ ಯಾರಿಗೆ ಎಷ್ಟು ಎಂಬುದನ್ನು ತಾವೇ ಕರಾರು ಮಾಡಿಕೊಳ್ಳಬೇಕು. ಹಕ್ಕಿದ್ದೂ ಕುರಿ ಬಿಡದವನಿಗೆ ಪಾಲುಂಟೇ? ಈ ಒಂದು ಪ್ರಶ್ನೆಗೆ ಇಡೀ ಚಳಿಗಾಲ ಹೋಗುತ್ತದೆ. ಗುತ್ತಿಗೆದಾರನಿಗೆ ಬೇರೆ ತಲೆನೋವು: ಕರಾರಿನ ಅವಧಿ ಮುಗಿಯುವವರೆಗೆ ಜಮೀನಿನ ನಿರ್ವಹಣೆ ತನ್ನ ಕೈಯಲ್ಲೇ ಇರುತ್ತದೆಂದು ಅವನು ತೋರಿಸಬೇಕು.

ಲೆಕ್ಕದವನಾಗಿ ಇನ್ನೊಂದು ಮಾತು. ಸರ್ಕಾರದಿಂದ ಬಂದದ್ದೆಲ್ಲ ಒಂದೇ ಕಟ್ಟಿನ ದುಡ್ಡಲ್ಲ. ವರ್ಷವರ್ಷ ಬರುವುದು ಆದಾಯ, ಅದಕ್ಕೆ ತೆರಿಗೆ ಇದೆ. ಕುರಿ ಹಿಡಿಯುವ ಕಟಕಟೆ, ತೂಕದ ಯಂತ್ರ ಕೊಳ್ಳಲು ಬರುವುದು ಬಂಡವಾಳ ಅನುದಾನ; ಅದು ಆ ವಸ್ತುವಿನ ಬೆಲೆಯಿಂದ ಕಳೆದುಹೋಗುತ್ತದೆ. ಬಂಡವಾಳ ಅನುದಾನ ಕೈಗೆ ಬರುವುದು ಕೆಲಸ ಮುಗಿಸಿ, ಬಿಲ್ಲು ಪಾವತಿಸಿ, ರಸೀದಿ ತೋರಿಸಿದ ಮೇಲೆ. ಕಲ್ಲುಗೋಡೆ ಕಟ್ಟಿಸಲು ಮಂಜೂರಾತಿ ಪತ್ರ ಇದ್ದರೂ ಮೇಸ್ತ್ರಿಗೆ ಕೊಡುವ ದುಡ್ಡು ಮೊದಲು ಮನೆಯಿಂದಲೇ ಹೋಗಬೇಕು. ಮಂಜೂರಾತಿ ಬಂತೆಂದು ಖುಷಿಯಾಗಿ ಬಂದವರನ್ನು ನಾನು ಮೊದಲು ಕೇಳುವುದು ಬ್ಯಾಂಕಿನಲ್ಲಿ ಎಷ್ಟಿದೆ ಎಂದು. ಅನುದಾನ ಒಂದು ವರ್ಷ ಗುಡ್ಡೆಯಾಗಿ ಬಂದು ಮರುವರ್ಷ ಬಾರದಿದ್ದರೆ, ಎರಡು ಅಥವಾ ಐದು ವರ್ಷದ ಲಾಭವನ್ನು ಸರಾಸರಿ ಮಾಡಿ ತೆರಿಗೆ ಕಟ್ಟಲು ಇಲ್ಲಿನ ರೈತರಿಗೆ ಅವಕಾಶವಿದೆ. ಬೆಟ್ಟದವರಿಗೆ ಇದರಿಂದ ಆಗುವ ಉಪಕಾರ ದೊಡ್ಡದು.

ಕಾಯುವುದೂ ಒಂದು ಅಪಾಯ. 2025ರ ಮಾರ್ಚ್ 11ರ ಸಂಜೆ, ಕೆಲಸ ನೋಡಿ ದುಡ್ಡು ಕೊಡುವ ಇಂಗ್ಲೆಂಡಿನ ಆ ಮುಖ್ಯ ಯೋಜನೆಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ಮುನ್ಸೂಚನೆಯಿಲ್ಲದೆ ನಿಲ್ಲಿಸಿಬಿಟ್ಟರು. ಇನ್ನೂ ಒಳ್ಳೆಯ ದರ ಬಂದೀತೆಂದು ಕಾದವರು ಹೊರಗುಳಿದರು. ಸಣ್ಣಪುಟ್ಟವನ್ನು ಬಿಡಬಾರದು ಎನ್ನುವುದೂ ಇದಕ್ಕೇ. ಹಿಂಡಿನ ಆರೋಗ್ಯ ತಪಾಸಣೆಗೆ ಪಶುವೈದ್ಯರನ್ನು ಕರೆಸಿದರೆ ದುಡ್ಡು ಕೊಡುವ ಯೋಜನೆ ಶುರುವಾದಾಗ ಕುರಿ ಹಿಂಡಿಗೆ 436 ಪೌಂಡ್ ಇತ್ತು, 21 ಕುರಿ ಇದ್ದರೆ ಸಾಕಿತ್ತು. ಅಷ್ಟಕ್ಕೆ ಯಾರು ಅರ್ಜಿ ಹಾಕುತ್ತಾರೆ ಎಂದವರಿಗೆ ಆ ವರ್ಷದ ಉಣ್ಣೆಯ ರಸೀದಿ ತೆಗೆದು ತೋರಿಸಿದ್ದೇನೆ.

ಚಳ್ಳಕೆರೆ ಕಡೆಯ ನನ್ನ ಸಂಬಂಧಿಯೊಬ್ಬ ಆಗಾಗ ಫೋನ್ ಮಾಡಿ ಊರಿನ ಕಡೆಯ ಯೋಜನೆ ಹೇಗೆಂದು ಕೇಳುತ್ತಾನೆ. ಭಾರತದ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಹೊಸ ರೂಪ ಪಡೆದಾಗಿನಿಂದ ಕುರಿ ಸಾಕಣೆ ಘಟಕಕ್ಕೆ ಶೇ 50 ಬಂಡವಾಳ ಸಹಾಯಧನ ಇದೆ. 500 ಹೆಣ್ಣು ಕುರಿ, 25 ಟಗರು ಇದ್ದರೆ ಗರಿಷ್ಠ 50 ಲಕ್ಷ ರೂಪಾಯಿ. ಇಲ್ಲಿನದು ಇದ್ದವನು ಉಳಿಯಲಿ ಎಂದು ಕೊಡುವ ದುಡ್ಡು, ಅಲ್ಲಿನದು ಹೊಸದಾಗಿ ಶುರುಮಾಡಲಿ ಎಂದು ಒಮ್ಮೆ ಕೊಡುವ ದುಡ್ಡು. ಅವನು 50 ಲಕ್ಷದ ಅಂಕಿ ಹಿಡಿದು ಕೂತಿದ್ದ. ಈ ಯೋಜನೆ ತಲೆ ಎಣಿಸುತ್ತದೆ ನಿಜ, ಆದರೆ ಅದಕ್ಕೆ ಮೊದಲು ಜಮೀನು ಕೇಳುತ್ತದೆ, ಸ್ವಂತದ್ದೋ ಗುತ್ತಿಗೆಯದೋ. ಮಳೆ ನೋಡಿ ಹಿಂಡು ಹೊಡೆದುಕೊಂಡು ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಕುರಿಗಾಹಿಗೆ, ಎಷ್ಟೇ ತಲೆ ಇದ್ದರೂ, ಮೊದಲ ಪುಟದಲ್ಲೇ ಅಡ್ಡಿ. ಸಹಾಯಧನವೂ ಕಂತಿನಲ್ಲಿ, ಸಾಲ ಮಂಜೂರಾಗಿ ಕೆಲಸ ನಡೆದ ಮೇಲೆ ಬರುವಂಥದ್ದು. ಪಹಣಿ ಯಾರ ಹೆಸರಲ್ಲಿದೆ ಎಂದು ಕೇಳಿದೆ. ದೊಡ್ಡಪ್ಪನ ಹೆಸರಲ್ಲಂತೆ. ಹಾಗಾದರೆ ಬ್ಯಾಂಕಿಗೆ ಹೋಗುವ ಮೊದಲು ದೊಡ್ಡಪ್ಪನ ಜೊತೆ ಕೂತು ಗುತ್ತಿಗೆ ಕರಾರು ಮಾಡಿಸು ಎಂದೆ.