ಬ್ಲ್ಯಾಕ್ ಪುಡಿಂಗ್: ಬಕೆಟ್ಟಿನಿಂದ ಬಾಣಲೆಗೆ

ಬ್ಲ್ಯಾಕ್ ಪುಡಿಂಗ್ ಅಂದರೆ ಸಿಹಿತಿಂಡಿಯಲ್ಲ; ರಕ್ತ, ನುಚ್ಚು, ಕೊಬ್ಬು ಕಲಸಿ ಕರುಳಿಗೆ ತುಂಬಿ ಬೇಯಿಸುವ ಸಾಸೇಜ್. ಅದಕ್ಕಾಗಿ ಹಂದಿಯ ರಕ್ತ ಬಕೆಟ್ಟಿಗೆ ಬಿದ್ದ ಗಳಿಗೆಯಿಂದಲೇ ಕೈಯಾಡಿಸುತ್ತಿರಬೇಕು. ಐರ್ಲೆಂಡಿನ ಹಳ್ಳಿಗಳಲ್ಲಿ ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಆಸುಪಾಸಿನಲ್ಲಿ ಮನೆಯ ಹಂದಿ ಕಡಿಯುತ್ತಿದ್ದ ಕಾಲದಲ್ಲೂ ಪುಡಿಂಗಿನ ದಿನ ಶುರುವಾಗುತ್ತಿದ್ದದ್ದು ಹೀಗೆಯೇ. ಸೌಟು ನಿಲ್ಲದೆ ತಿರುಗುತ್ತಿದ್ದರೆ ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನ್ ನಾರುನಾರಾಗಿ ಅದಕ್ಕೆ ಸುತ್ತಿಕೊಳ್ಳುತ್ತದೆ. ಆ ನಾರನ್ನು ತೆಗೆದು ಬಿಸಾಡಿ, ಉಪ್ಪು ಹಾಕಿ ಸೋಸಿಟ್ಟರೆ ರಕ್ತ ತೆಳುವಾಗಿಯೇ ಉಳಿಯುತ್ತದೆ. ಕುರಿಯ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಬೇಯಿಸಿ, ಪುಡಿ ಮಾಡಿ ಈರುಳ್ಳಿ-ಹಸಿಮೆಣಸಿನ ಜೊತೆ ಹುರಿಯುವ ನಮ್ಮ ಕಡೆಯವರಿಗೆ ಇದು ತಲೆಕೆಳಗಿನ ಕೆಲಸ. ಈಗ ಬಹಳಷ್ಟು ತಯಾರಕರು ಒಣಗಿಸಿದ ರಕ್ತದ ಪುಡಿಯನ್ನು ನೀರಿಗೆ ಕಲಸಿ ಬಳಸುತ್ತಾರೆ. ಕೆಲಸ ಸಲೀಸು, ರುಚಿ ಸ್ವಲ್ಪ ಚಪ್ಪೆ.

1 ಲೀಟರ್ ರಕ್ತಕ್ಕೆ 200 ಗ್ರಾಂ ಓಟ್ಸ್ ನುಚ್ಚು, ಚಿಕ್ಕದಾಗಿ ಹೆಚ್ಚಿದ 300 ಗ್ರಾಂ ಬೆನ್ನಿನ ಕೊಬ್ಬು, 250 ಗ್ರಾಂ ಈರುಳ್ಳಿ, 250 ಮಿ.ಲೀ. ಹಾಲು, ಒಟ್ಟು 25–30 ಗ್ರಾಂ ಉಪ್ಪು. ಬಿಳಿ ಮೆಣಸಿನಪುಡಿ ಧಾರಾಳವಾಗಿ, ಜಾಪತ್ರೆ, ಆಲ್‌ಸ್ಪೈಸ್ ಚಿಟಿಕೆಯಷ್ಟು. ನುಚ್ಚು ಹಿಂದಿನ ರಾತ್ರಿಯೇ ನೆನೆದಿರಬೇಕು. ಇಲ್ಲದಿದ್ದರೆ ಒಳಗೆ ಹಸಿಕಾಳಾಗಿ ಉಳಿದು ಹಲ್ಲಿಗೆ ಸಿಗುತ್ತದೆ. ತೆಳ್ಳಗೆ ಒತ್ತಿದ ಓಟ್ಸ್ ಹಾಕಿದರೆ ಅಂಟು. ಈರುಳ್ಳಿ ಬಾಡಿಸಿ, ಪೂರ್ತಿ ಆರಿಸಿಯೇ ಸೇರಿಸಿ, ಬಿಸಿ ತಾಗಿದ ಕಡೆಯೆಲ್ಲ ರಕ್ತ ಗಂಟಾಗುತ್ತದೆ.

ಕರುಳಿಗೆ ಮುಕ್ಕಾಲು ಭಾಗ ಮಾತ್ರ ತುಂಬಬೇಕು, ನುಚ್ಚು ಇನ್ನೂ ಉಬ್ಬುತ್ತದೆ. ತುಂಬುವಾಗಲೂ ಮಿಶ್ರಣವನ್ನು ಕಲಕುತ್ತಿರಬೇಕು. ಇಲ್ಲವಾದರೆ ಕೊಬ್ಬು ಮೇಲೆ ತೇಲಿ ನುಚ್ಚು ತಳ ಸೇರಿ, ಒಂದು ಪುಡಿಂಗ್ ಬರೀ ಜಿಡ್ಡು, ಇನ್ನೊಂದು ಬರೀ ಗಂಜಿ. ನೀರು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ, ಕುದಿಯುವುದು ಬೇಡ. ಕುದಿದರೆ ಕರುಳು ಒಡೆದು ಪಾತ್ರೆಯೆಲ್ಲ ಬೂದುಬಣ್ಣದ ರಾಡಿ. ಮುಕ್ಕಾಲು ಗಂಟೆ ಬಿಟ್ಟು ಸೂಜಿ ಚುಚ್ಚಿ ನೋಡಿ: ಕೆಂಪು ಒಸರಿದರೆ ಇನ್ನೂ ಬೇಯಬೇಕು, ಕಂದು ಬಂದರೆ ಆಯಿತು. ಕರುಳು ಸಿಗದಿದ್ದರೆ ಚಿಂತೆಯಿಲ್ಲ. ಕೆರಿ ಕೌಂಟಿಯ ಸ್ನೀಮ್ ಊರಿನ ಹೆಸರಾಂತ ಪುಡಿಂಗ್ ಕರುಳಿಲ್ಲದೆ ತಟ್ಟೆಯಲ್ಲೇ ಬೇಯುವಂಥದ್ದು. ಬ್ರೆಡ್ ಟಿನ್ನಿಗೆ ಸುರಿದು, ಫಾಯಿಲ್ ಮುಚ್ಚಿ, ಬಿಸಿನೀರಿನ ಟ್ರೇಯಲ್ಲಿಟ್ಟು 160 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲೆ ಬೇಯಿಸಿದರೆ ಸಾಕು. ಬಿಸಿಯಿದ್ದಾಗ ಕತ್ತರಿಸಲು ಹೋದರೆ ಪುಡಿಯಾಗುತ್ತದೆ, ಒಂದು ರಾತ್ರಿ ತಣಿಯಲಿ.

ಮರುದಿನ ಬೆಳಿಗ್ಗೆ ತಟ್ಟೆಯ ಮುಂದೆ ಮೊದಲ ಸಲ ಕೂತವರು ಮೂಸಿ ನೋಡುವುದು ರಕ್ತದ ವಾಸನೆಗಾಗಿ. ಸಿಗುವುದು ಮೆಣಸಿನ ಖಾರ, ಹುರಿದ ಓಟ್ಸಿನ ಘಮ, ಕೊನೆಗೆ ಪಿತ್ತಜನಕಾಂಗದಂಥ ಸಣ್ಣ ಕಬ್ಬಿಣದ ರುಚಿ. "ಇಷ್ಟೇನಾ?" ಅನ್ನುವವರೇ ಜಾಸ್ತಿ. ಉಗುಳುವವರನ್ನು ಗಮನಿಸಿದರೆ ತಪ್ಪು ಸಾಮಾನ್ಯವಾಗಿ ಬಾಣಲೆಯದು: ಎರಡು ಬೆರಳು ದಪ್ಪದ ತುಂಡು, ಹೊರಗೆ ಕರಕಲು, ನಡುವೆ ತಣ್ಣನೆಯ ಮೆದು. ತುಂಡು 1 ಸೆಂ.ಮೀ. ಇರಲಿ, ಉರಿ ಮಧ್ಯಮ, ಪ್ರತಿ ಬದಿಗೆ ಮೂರು ನಿಮಿಷ, ನಡುವೆ ಕೆದಕಬಾರದು. ಪಕ್ಕದಲ್ಲಿ ಬೆಣ್ಣೆಯಲ್ಲಿ ಬಾಡಿಸಿದ ಸೇಬಿನ ಹುಳಿ ಇದ್ದರೆ ಕೊಬ್ಬು ನಾಲಿಗೆಗೆ ಕಟ್ಟುವುದಿಲ್ಲ.

ಡ್ರಿಶೀನ್ ಮಾತು ಬೇರೆ. ಕಾರ್ಕ್ ನಗರದ ಇಂಗ್ಲಿಷ್ ಮಾರ್ಕೆಟ್ 1788ರಿಂದ ಇದೆ. ಅಲ್ಲಿ ಬೋಟಿಯ ಪಕ್ಕದಲ್ಲೇ ಮಾರುವ ಈ ರಕ್ತದ ಸಾಸೇಜಿಗೆ ನುಚ್ಚಿಲ್ಲ, ಕೊಬ್ಬಿನ ಚೂರಿಲ್ಲ. ಹಾಲಿನಲ್ಲಿ ಈರುಳ್ಳಿ, ಬೋಟಿ ಜೊತೆ ಬೇಯಿಸಿದ್ದನ್ನು ಬಾಯಿಗಿಟ್ಟರೆ ಗಿಣ್ಣಿನ ಹಾಗೆ ಅಲುಗಾಡಿ ಜಾರುತ್ತದೆ. ದಿನಾ ಬ್ಲ್ಯಾಕ್ ಪುಡಿಂಗ್ ತಿನ್ನುವ ಐರಿಷರೇ ಇದಕ್ಕೆ ಮುಖ ಕಿವುಚುತ್ತಾರೆ. ರಕ್ತಕ್ಕಲ್ಲ, ಆ ಮೃದುತನಕ್ಕೆ. ಹೊಸಬರಿಗೆ ಕೊಡಲೇಬೇಕಿದ್ದರೆ ಬೆಣ್ಣೆಯಲ್ಲಿ ಅಂಚು ಗರಿಯಾಗುವಂತೆ ಹುರಿದು, ಮೆಣಸು ಉದುರಿಸಿ ಕೊಡಿ.

ಡಬ್ಲಿನ್, ಕಾರ್ಕ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಲೇಬಲ್ ಓದುವುದು ಒಳ್ಳೆಯದು. 1880ರ ದಶಕದ ಪಾಕವೆಂದು ಹೆಸರಾದ ಕ್ಲೊನಾಕಿಲ್ಟಿ ಬ್ಲ್ಯಾಕ್ ಪುಡಿಂಗಿನಲ್ಲಿ ಇರುವುದು ದನದ ಮಾಂಸ, ದನದ ರಕ್ತ. ಹೋಟೆಲಿನ ಬೆಳಗಿನ ತಟ್ಟೆಯಲ್ಲಿ ಕಪ್ಪು ಬಿಲ್ಲೆಯ ಪಕ್ಕ ಕೂತಿರುವ ವೈಟ್ ಪುಡಿಂಗಿನಲ್ಲಿ ರಕ್ತವಿಲ್ಲ ನಿಜ, ಆದರೆ ಅದು ಸಾಮಾನ್ಯವಾಗಿ ಹಂದಿಮಾಂಸದ್ದೇ.