ಮಿಜು ಯೋಕಾನ್ ಮಾಡುವಾಗ ಸುರಿಯುವುದಕ್ಕೆ ಅವಸರ ಬೇಡ

ಜಪಾನಿನಲ್ಲಿ ಸೆಕೆ ಶುರುವಾದರೆ ಅಂಗಡಿಗಳ ಸಿಹಿತಿಂಡಿ ಸಾಲಿನಲ್ಲಿ ಮಿಜು ಯೋಕಾನ್ ಅನ್ನುವ ಮೆತ್ತನೆ ಜೆಲ್ಲಿಯ ಡಬ್ಬಿಗಳು ಬಂದು ಕೂರುತ್ತವೆ. ಅಜುಕಿ ಅನ್ನುವ ಸಣ್ಣ ಕೆಂಪು ಕಾಳು, ಸಕ್ಕರೆ, ನೀರು, ಜೆಲ್ಲಿ ಕಟ್ಟಿಸುವ ಕಾಂತೆನ್. ಅದರಲ್ಲಿ ಇರುವುದು ಇಷ್ಟೇ. ತಣ್ಣಗಿರುತ್ತದೆ, ಬಾಯಿಗಿಟ್ಟರೆ ಅಗಿಯುವ ಕೆಲಸವೇ ಇಲ್ಲ. ಆದರೆ ಡಬ್ಬಿಯಲ್ಲಿ ಬರುವುದು ನನಗೆ ಸಿಹಿ ಜಾಸ್ತಿ, ಅದಕ್ಕೇ ಮನೆಯಲ್ಲಿ ಮಾಡುತ್ತೇನೆ.

ಇಲ್ಲಿರುವ ಸಸ್ಯಾಹಾರಿ ಕನ್ನಡಿಗರಿಗೆ ಒಂದು ಮಾತು. ಜಪಾನಿನ ಎಷ್ಟೋ ಜೆಲ್ಲಿಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಯೋಕಾನ್‌ಗೆ ಹಾಕುವ ಕಾಂತೆನ್ ಕಡಲ ಪಾಚಿಯದು. ಊರಲ್ಲಿ ಚೀನಾ ಗ್ರಾಸ್ ಅಂತ ಕೊಡುತ್ತಾರಲ್ಲ, ಅದೇ. ಇಲ್ಲಿ 4 ಗ್ರಾಂನ ಪುಡಿ ಪೊಟ್ಟಣ ಸಿಗುತ್ತದೆ, ಒಂದು ಸಲಕ್ಕೆ ಒಂದು ಪೊಟ್ಟಣ. ಉದ್ದ ಕಡ್ಡಿಯ ಹಾಗಿರುವ ಕಾಂತೆನ್ ಆದರೆ ತೂಕ ಎರಡರಷ್ಟು ಬೇಕು, ಮೊದಲು ನೀರಲ್ಲಿ ನೆನೆಸಿ ಹಿಂಡಿಕೊಳ್ಳಬೇಕು.

ನಿಜವಾದ ಕೆಲಸ ಇರುವುದು ಹೂರಣದಲ್ಲಿ. 200 ಗ್ರಾಂ ಅಜುಕಿ ತೊಳೆಯಿರಿ, ನೆನೆಸುವುದು ಬೇಡ. ಸ್ವಲ್ಪ ಹೊತ್ತು ಕುದಿಸಿ ಆ ನೀರು ಚೆಲ್ಲಿ, ಒಗರು ಹೋಗುತ್ತದೆ. ಹೊಸ ನೀರು ಹಾಕಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವವರೆಗೆ ಬೇಯಿಸಿ. ಪಾತ್ರೆಯಲ್ಲಾದರೆ ಗಂಟೆ ಹೊತ್ತು ಹಿಡಿಯುತ್ತದೆ, ಕುಕ್ಕರ್ ಇದ್ದರೆ ಬೇಗ. ಬೆಂದ ಕಾಳನ್ನು ಜರಡಿಗೆ ಹಾಕಿ, ಮೇಲಿಂದ ನೀರು ಬಿಡುತ್ತಾ ಸೌಟಿನಿಂದ ಉಜ್ಜಿ, ಸಿಪ್ಪೆ ಮೇಲೆ ಉಳಿಯಲಿ. ಕೆಳಗೆ ಇಳಿದ ಕೆಸರಿನಂಥ ನೀರನ್ನು ಸುಮ್ನೆ ಬಿಟ್ಟರೆ ಹಿಟ್ಟು ತಳಕ್ಕೆ ಕೂರುತ್ತದೆ. ಮೇಲಿನ ನೀರು ಬಸಿದು, ಇನ್ನೊಮ್ಮೆ ನೀರು ಹಾಕಿ ಬಸಿದು, ಕೊನೆಗೆ ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಇದಕ್ಕೆ 150 ಗ್ರಾಂ ಸಕ್ಕರೆ, ಸ್ವಲ್ಪ ನೀರು ಹಾಕಿ ಒಲೆ ಮೇಲೆ ಮಗುಚಬೇಕು. ಹೋಳಿಗೆ ಹೂರಣ ಮಾಡಿ ಅಭ್ಯಾಸ ಇದ್ದವರಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೇ ಗೊತ್ತಾಗುತ್ತದೆ, ಆದರೆ ಅಷ್ಟು ಗಟ್ಟಿ ಬೇಡ, ಹೇಗೂ ಮತ್ತೆ ನೀರಿಗೇ ಹೋಗುವುದಲ್ವಾ. ಸುಮಾರು 400 ಗ್ರಾಂ ಆಗುತ್ತದೆ. ಸಿಪ್ಪೆ ತೆಗೆಯದೆಯೂ ಮಾಡುವವರಿದ್ದಾರೆ. ನನಗೆ ಅದು ಸೇರುವುದಿಲ್ಲ, ಇಷ್ಟು ಮೆತ್ತಗಿರುವ ತಿಂಡಿಯಲ್ಲಿ ಸಿಪ್ಪೆ ಹಲ್ಲಿಗೆ ಸಿಕ್ಕರೆ ಕಿರಿಕಿರಿ.

ಮುಂದಿನದು ಬೇಗ ಮುಗಿಯುತ್ತದೆ. 500 ಮಿಲಿ ತಣ್ಣೀರಿಗೆ ಕಾಂತೆನ್ ಪುಡಿ ಉದುರಿಸಿ, ಕದಡುತ್ತಾ ಕುದಿ ಬರಿಸಿ. ಕುದಿ ಬಂದ ಮೇಲೂ ಎರಡು ನಿಮಿಷ ಸಣ್ಣ ಉರಿಯಲ್ಲಿ ಇಡಿ. ಹೂರಣ ಆಮೇಲೆ. ಸಿಹಿ ಮೊದಲೇ ಹಾಕಿದರೆ ಕಾಂತೆನ್ ಸರಿಯಾಗಿ ಕರಗುವುದಿಲ್ಲ. ಹೂರಣ ಗಂಟಿಲ್ಲದೆ ಬೆರೆತ ಮೇಲೆ ಒಂದು ಚಿಟಿಕೆ ಉಪ್ಪು ಹಾಕಿ ಇಳಿಸಿ.

ಈಗ ಅಚ್ಚಿಗೆ ಸುರಿಯಬೇಡಿ! ಬಿಸಿಯಲ್ಲಿ ಇದು ನೀರಿನಷ್ಟೇ ತೆಳ್ಳಗಿರುತ್ತದೆ, ಹಿಟ್ಟು ಭಾರ, ಗಟ್ಟಿಯಾಗುವ ಹೊತ್ತಿಗೆ ಹಿಟ್ಟೆಲ್ಲ ತಳ ಸೇರಿ ಮೇಲೆ ಬರೀ ಮಂಕು ಜೆಲ್ಲಿ ಉಳಿದಿರುತ್ತದೆ. ಕಾಂತೆನ್ ಗಟ್ಟಿಯಾಗುವುದು 40 ಡಿಗ್ರಿಗಿಂತ ಕೆಳಗೆ ಬಂದಾಗ. ಹಾಗಾಗಿ ಪಾತ್ರೆಯನ್ನು ತಣ್ಣೀರಲ್ಲಿಟ್ಟು, ನೊರೆ ಏಳದ ಹಾಗೆ ತಳದಿಂದ ನಿಧಾನವಾಗಿ ಕದಡುತ್ತಾ 45-50 ಡಿಗ್ರಿಗೆ ತರಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಸೌಟಿಗೆ ಸ್ವಲ್ಪ ಭಾರ ತಾಗುತ್ತದೆ, ಆಗ ಸುರಿಯಿರಿ. ಅಂಚಿನಲ್ಲಿ ಆಗಲೇ ಕಟ್ಟಲು ಶುರುವಾಗಿದ್ದರೆ ಹೆದರಬೇಡಿ, ಮತ್ತೆ ಒಲೆಗಿಟ್ಟು ಪೂರ್ತಿ ಕುದಿಸಿದರೆ ಕರಗುತ್ತದೆ. ಬರೀ ಬೆಚ್ಚಗೆ ಮಾಡಿದರೆ ಆಗದು, ಒಮ್ಮೆ ಕಟ್ಟಿದ ಕಾಂತೆನ್ ಕರಗಲು 85 ಡಿಗ್ರಿಯಷ್ಟು ಬಿಸಿ ಬೇಕು. ಸೆಕೆಯಲ್ಲಿ ಹೊರಗಿಟ್ಟರೂ ಇದು ಜೆಲಟಿನ್ ಜೆಲ್ಲಿಯ ಹಾಗೆ ಕರಗಿ ಹರಿಯದಿರುವುದು ಅದಕ್ಕೇ.

ಫ್ರಿಜ್‌ನಲ್ಲಿ ಒಂದೆರಡು ಗಂಟೆ ಸಾಕು. ಫ್ರೀಜರ್‌ಗೆ ಮಾತ್ರ ಇಡಬೇಡಿ, ನೀರೆಲ್ಲ ಬೇರೆಯಾಗಿ ಸ್ಪಂಜಿನಂಥದ್ದು ಉಳಿಯುತ್ತದೆ. ತಮಾಷೆ ಅಂದರೆ ಕಾಂತೆನ್ ಮಾಡುವುದೇ ಹೀಗೆ. 17ನೇ ಶತಮಾನದಲ್ಲಿ ಕ್ಯೋಟೋದ ಫುಶಿಮಿಯಲ್ಲಿ ಒಬ್ಬ ಛತ್ರದವನು ಮಿಕ್ಕಿದ ಪಾಚಿ ಜೆಲ್ಲಿಯನ್ನು ಚಳಿಗಾಲದಲ್ಲಿ ಹೊರಗೆ ಎಸೆದನಂತೆ, ಅದು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ ಒಣಗಿ ಹಗುರವಾಯಿತಂತೆ. ಕಥೆ ಎಷ್ಟು ನಿಜವೋ, ನಾಗಾನೋದ ಚಿನೋ ಊರಿನಲ್ಲಂತೂ ಇವತ್ತಿಗೂ ಚಳಿಗಾಲದ ಬಯಲಲ್ಲಿ ಜೆಲ್ಲಿ ಕಡ್ಡಿಗಳನ್ನು ಹರಡಿ ಹೀಗೆಯೇ ಒಣಗಿಸುತ್ತಾರೆ.

ಎರಡು ದಿನದೊಳಗೆ ತಿಂದು ಮುಗಿಸಿ. ಇದರದೇ ಗಟ್ಟಿ ಬಗೆಯಾದ ಮಾಮೂಲಿ ಯೋಕಾನ್ ತಿಂಗಳುಗಟ್ಟಲೆ ಉಳಿಯುವುದು ಸಕ್ಕರೆಯಿಂದ. ಇದರಲ್ಲಿ ನೀರೇ ಜಾಸ್ತಿ, ಬೇಗ ಕೆಡುತ್ತದೆ. ಫುಕುಯಿ ಕಡೆಯವರು ಇದನ್ನು ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ ತಿನ್ನುತ್ತಾರೆ, ಹೊರಗೆ ಹಿಮ ಬೀಳುವಾಗ ಕೊತಾತ್ಸುವಿನ, ಅಂದರೆ ರಜಾಯಿ ಹೊದಿಸಿ ಅಡಿಯಲ್ಲಿ ಬಿಸಿ ಮಾಡುವ ಗಿಡ್ಡ ಮೇಜಿನ, ಬಿಸಿಗೆ ಕಾಲು ಚಾಚಿಕೊಂಡು. ಅಲ್ಲಿ ಅಚ್ಚು, ತಟ್ಟೆಯ ಶೋಕಿಯೂ ಇಲ್ಲ. ಚಪ್ಪಟೆ ಪೆಟ್ಟಿಗೆಗೆ ಸುರಿದು, ಮರದ ಚಮಚದಂಥ ಪಟ್ಟಿಯಿಂದ ನೇರ ಎತ್ತಿ ತಿನ್ನುವುದು. ನಾನೂ ಅಚ್ಚು ಬಿಟ್ಟು ಚಪ್ಪಟೆ ಡಬ್ಬಿಗೇ ಸುರಿಯುತ್ತೇನೆ, ಕಾಂತೆನ್ 3 ಗ್ರಾಂಗೆ ಇಳಿಸಿದ್ದೇನೆ. ತುಂಡು ಮಾಡಿ ಎತ್ತುವ ಕೆಲಸ ಇಲ್ಲದ ಮೇಲೆ ಅಷ್ಟು ಗಟ್ಟಿ ಯಾಕೆ?